ಮತ್ತೆ ಅದೇ ಊರಿಗೆ: ವಿದೇಶದ ಸ್ವಯಂಸೇವೆ, ಮರುಪ್ರಯಾಣ, ಗೆಳೆತನ – ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲ ಬಾರಿ ವಿದೇಶಕ್ಕೆ ಸ್ವಯಂಸೇವೆಗೆ ಹೊರಟವರಿಗೆ ಬೇಕಾದಷ್ಟು ಕೈಪಿಡಿಗಳಿವೆ. ಹೋಗಿ ಬಂದು, ಮನಸ್ಸನ್ನು ಮಾತ್ರ ಅಲ್ಲೇ ಬಿಟ್ಟವರಿಗೆ ಬುದ್ಧಿ ಹೇಳುವವರು ಕಡಿಮೆ. ಈ ಪ್ರಶ್ನೋತ್ತರ ಅವರಿಗಾಗಿ. ಒಂದು ಸಣ್ಣ ಆರೋಗ್ಯ ಕೇಂದ್ರಕ್ಕೆ ನಾಲ್ಕು ಸಲ ಹೋಗಿ ಬಂದ ಅನುಭವ ಇದರ ಹಿಂದಿದೆ. ಅದರಲ್ಲಿ ಒಂದು ಸಲ ಹೋಗಲೇಬಾರದಿತ್ತು, ಅದನ್ನೂ ಮುಚ್ಚಿಡುವುದಿಲ್ಲ.

ಎರಡನೇ ಬಾರಿ ಅದೇ ಜಾಗಕ್ಕೆ ಹೋಗುವುದು ಒಳ್ಳೆಯದೇ, ಹೊಸ ದೇಶಕ್ಕೆ ಹೋಗುವುದು ಒಳ್ಳೆಯದೇ?

ದೇಶ ನೋಡುವ ಆಸೆಯಿದ್ದರೆ ಪ್ರವಾಸ ಹೋಗಿ, ಅದರಲ್ಲಿ ತಪ್ಪೇನೂ ಇಲ್ಲ. ಕೆಲಸ ಮಾಡುವ ಆಸೆಯಿದ್ದರೆ ಹಳೆಯ ಜಾಗವೇ ವಾಸಿ. ಮೊದಲ ಸಲ ಹೋದಾಗ ನಿಮ್ಮಿಂದ ಅವರಿಗಾದ ಉಪಕಾರಕ್ಕಿಂತ ಅವರಿಂದ ನಿಮಗಾದ ಉಪಕಾರವೇ ಹೆಚ್ಚು. ಕುಡಿಯುವ ನೀರು ಎಲ್ಲಿ ಸಿಗುತ್ತದೆ, ಯಾರ ಮುಂದೆ ಯಾವ ಮಾತು ಎತ್ತಬಾರದು, ಯಾವ ಕಚೇರಿಯ ಬಾಗಿಲು ನಿಜವಾಗಿ ಎಷ್ಟು ಗಂಟೆಗೆ ತೆರೆಯುತ್ತದೆ ಎಂಬುದನ್ನೆಲ್ಲ ಯಾರೋ ತಮ್ಮ ಕೆಲಸ ಬಿಟ್ಟು ನಿಮಗೆ ಹೇಳಿಕೊಟ್ಟಿದ್ದಾರೆ. ಹೊಸ ಊರಿಗೆ ಹೋದರೆ ಆ ಪಾಠವೆಲ್ಲ ಮತ್ತೊಬ್ಬರ ತಲೆಗೆ ಬೀಳುತ್ತದೆ. ಹಳೆಯ ಊರಿನಲ್ಲಾದರೆ ಬಂದಿಳಿದ ಮರುದಿನವೇ ಕೆಲಸಕ್ಕೆ ಕೈ ಹಾಕಬಹುದು.

ಇದು ಇಂದಿನ ತಿಳಿವಳಿಕೆಯೇನಲ್ಲ. ಅಂತರರಾಷ್ಟ್ರೀಯ ಶ್ರಮದಾನ ಶಿಬಿರಗಳಿಗೆ ನಾಂದಿ ಹಾಡಿದವರಲ್ಲಿ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಪಿಯರ್ ಸೆರೆಸೋಲ್ ಪ್ರಮುಖರು. ಮೊದಲ ಮಹಾಯುದ್ಧದಲ್ಲಿ ನೆಲಸಮವಾಗಿದ್ದ, ಫ್ರಾನ್ಸಿನ ವರ್ಡನ್ ಬಳಿಯ ಹಳ್ಳಿಯೊಂದನ್ನು ಮತ್ತೆ ಎಬ್ಬಿಸಲು 1920ರಲ್ಲಿ ಅವರು ಸಣ್ಣದೊಂದು ತಂಡ ಕಟ್ಟಿದರು. ತಂಡದಲ್ಲಿ ಜರ್ಮನ್ನರೂ ಇದ್ದರು. ಮೊನ್ನೆಯವರೆಗೆ ಗುಂಡು ಹಾರಿಸಿದ ದೇಶದವರು ಬಂದು ತಮ್ಮ ಗೋಡೆ ಕಟ್ಟುವುದನ್ನು ಸಹಿಸಲು ಅಲ್ಲಿ ಎಲ್ಲರಿಗೂ ಆಗಲಿಲ್ಲ. ಕೆಲವೇ ತಿಂಗಳಲ್ಲಿ ಶಿಬಿರ ಮುಗಿಯಿತು. ಇಂಥ ಶಿಬಿರಗಳನ್ನು ನಡೆಸುವ ಸರ್ವಿಸ್ ಸಿವಿಲ್ ಇಂಟರ್‌ನ್ಯಾಷನಲ್ ಸಂಸ್ಥೆ ಬೆಳೆದದ್ದು ಆ ಬೇರಿನಿಂದ. 1934ರ ಜನವರಿ 15ರ ಭೂಕಂಪದಲ್ಲಿ ಬಿಹಾರ ಕುಸಿದಾಗ ಸೆರೆಸೋಲ್ ಅಲ್ಲಿಗೂ ಹೋದರು, 1937ರೊಳಗೆ ಮೂರು ಸಲ ಹೋದರು. ಜತೆಗಿದ್ದವರು ಬೆರಳೆಣಿಕೆಯ ಮಂದಿ. ಬಿದ್ದ ಊರು ಒಂದು ಬೇಸಿಗೆಯಲ್ಲಿ ಎದ್ದು ನಿಲ್ಲುವುದಿಲ್ಲ ಎಂಬುದು ಎಂಜಿನಿಯರ್ ಆದವರಿಗೆ ಗೊತ್ತಿರದೆ ಇರುತ್ತದೆಯೇ?

ನಾನು ಬರುವುದು ಅವರಿಗೆ ನಿಜವಾಗಿ ಬೇಕೇ ಎಂದು ತಿಳಿಯುವುದು ಹೇಗೆ?

"ಬರಲೇ?" ಎಂದು ಕೇಳಬೇಡಿ. ಜಗತ್ತಿನ ಯಾವ ಮೂಲೆಯಲ್ಲಾದರೂ ಮರ್ಯಾದಸ್ಥರು ಅದಕ್ಕೆ ಕೊಡುವ ಉತ್ತರ ಒಂದೇ: "ಅಯ್ಯೋ, ಖಂಡಿತ ಬನ್ನಿ." ಅದರ ಬದಲು "ಈ ವರ್ಷ ಯಾವ ಕೆಲಸ ನಿಂತುಹೋಗಿದೆ? ಯಾವ ತಿಂಗಳಲ್ಲಿ ಕೈ ಸಾಲುವುದಿಲ್ಲ?" ಎಂದು ಕೇಳಿ. "ಸೆಪ್ಟೆಂಬರಿನಲ್ಲಿ ಲಸಿಕೆಯ ಲೆಕ್ಕಪತ್ರ ಕಂಪ್ಯೂಟರಿಗೆ ಹಾಕಬೇಕು, ಮಾಡುವವರಿಲ್ಲ" ಎಂಬಂಥ ಉತ್ತರ ಬಂದರೆ ಟಿಕೆಟ್ ನೋಡಬಹುದು. "ಬನ್ನಿ, ಏನಾದರೂ ಮಾಡೋಣ" ಎಂಬ ಉತ್ತರ ಬಂದರೆ ನಿಮ್ಮನ್ನು ನೆಂಟರಂತೆ ಕಾಣುತ್ತಿದ್ದಾರೆ ಎಂದರ್ಥ.

ನನ್ನ ಮೂರನೇ ಪ್ರಯಾಣ ಈ ಎರಡನೆಯ ಬಗೆಯದು. ನನಗೆ ಅಲ್ಲಿಯ ನೆನಪು ಕಾಡುತ್ತಿತ್ತು, ಕೆಲಸಕ್ಕೆ ರಜೆ ಸಿಕ್ಕಿತ್ತು, ಹೊರಟುಬಿಟ್ಟೆ. ಅದು ಅವರಿಗೆ ವರ್ಷದಲ್ಲೇ ಅತಿ ಬಿಡುವಿಲ್ಲದ ಸಮಯ. ನನಗೆ ಮಾಡಲು ಏನೂ ಇರಲಿಲ್ಲ, ಆದರೆ ನನ್ನನ್ನು ಕರೆತರಲು, ಮಲಗಿಸಲು, ಮಾತನಾಡಿಸಲು ಒಬ್ಬರಲ್ಲ ಒಬ್ಬರು ಬೇಕಾಗುತ್ತಿದ್ದರು. ಮೂರು ವಾರ ಅವರ ಸಮಯ ತಿಂದು ಬಂದೆ. ಹೋದ ಪುಟ್ಟ, ಬಂದ ಪುಟ್ಟ.

ಇನ್ನೊಂದು ಪ್ರಶ್ನೆಯನ್ನು ನಿಮಗೆ ನೀವೇ ಕೇಳಿಕೊಳ್ಳಬೇಕು: ಅದೇ ಕೆಲಸವನ್ನು ಆ ಊರಿನವರೊಬ್ಬರು ಕೂಲಿಗೆ ಮಾಡಬಲ್ಲರೇ? ಗೋಡೆಗೆ ಬಣ್ಣ ಬಳಿಯಲು ಸಾಗರ ದಾಟಬೇಕಾಗಿಲ್ಲ.

ಪ್ರವಾಸಿ ವೀಸಾ ಇದ್ದರೆ ಸಾಕಲ್ಲವೇ? ಸಂಬಳವನ್ನೇನೂ ತೆಗೆದುಕೊಳ್ಳುವುದಿಲ್ಲವಲ್ಲ.

ಬಹಳಷ್ಟು ದೇಶಗಳಲ್ಲಿ ಸಾಲದು. ಸಂಬಳವಿಲ್ಲದ ಕೆಲಸವೂ ಕಾನೂನಿನ ಕಣ್ಣಿಗೆ ಕೆಲಸವೇ. "ಹೋದ ಸಲ ಯಾರೂ ಕೇಳಲಿಲ್ಲ" ಎಂಬ ಧೈರ್ಯ ಬೇಡ. ಸಿಕ್ಕಿಬಿದ್ದರೆ ನಿಮ್ಮನ್ನು ವಿಮಾನ ಹತ್ತಿಸುತ್ತಾರೆ, ಅಷ್ಟೇ. ಆಮೇಲೆ ಕಚೇರಿ ಕಚೇರಿ ಅಲೆಯಬೇಕಾದವರು ನಿಮ್ಮನ್ನು ಕರೆಸಿಕೊಂಡವರು. ಆ ದೇಶದ ರಾಯಭಾರ ಕಚೇರಿಯ ನಿಯಮ ಓದಿ, ಅರ್ಜಿಯಲ್ಲಿ "ಪ್ರಯಾಣದ ಉದ್ದೇಶ" ಎಂಬಲ್ಲಿ ನಿಜವನ್ನೇ ಬರೆಯಿರಿ.

ಮರಳಿ ಹೋಗುವವರು ಮರೆಯುವ ಸಂಗತಿಗಳು ಇನ್ನೂ ಕೆಲವಿವೆ. ಹಲವು ದೇಶಗಳು ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಅವಧಿ ಉಳಿದಿರಬೇಕೆಂದು ಕೇಳುತ್ತವೆ. ಮಕ್ಕಳ ಜತೆ ಕೆಲಸವಿದ್ದರೆ ಹಳೆಯ ಪೊಲೀಸ್ ಪ್ರಮಾಣಪತ್ರ ನಡೆಯುವುದಿಲ್ಲ, ಹೊಸದನ್ನೇ ಮಾಡಿಸಬೇಕು. ಒಂದು ಮಾತ್ರ ಸಮಾಧಾನದ ಸುದ್ದಿ: ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರಕ್ಕೆ ಮೊದಲು ಹತ್ತು ವರ್ಷದ ಮಿತಿಯಿತ್ತು, 2016ರ ಜುಲೈ 11ರಿಂದ ಅದು ಜೀವಮಾನವಿಡೀ ಊರ್ಜಿತ, ಹಳೆಯ ಕಾರ್ಡುಗಳಿಗೂ ಇದು ಅನ್ವಯಿಸುತ್ತದೆ. ಹೊಸದಾಗಿ ಹಾಕಿಸಿಕೊಳ್ಳುವವರು ನೆನಪಿಡಿ, ಚುಚ್ಚಿಸಿಕೊಂಡ ಹತ್ತು ದಿನಗಳ ನಂತರವೇ ಅದು ಲೆಕ್ಕಕ್ಕೆ ಬರುತ್ತದೆ.

ಗೆಳೆತನ ಬೆಳೆಯಲು ಎಷ್ಟು ದಿನ ಇರಬೇಕು?

ಗೆಳೆತನಕ್ಕೆ ಗಡಿಯಾರ ಹಿಡಿದು ಕುಳಿತವರೂ ಇದ್ದಾರೆ. ಅಮೆರಿಕದ ಕನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಪರಿಚಯ ಒಂದಿಷ್ಟು ಸ್ನೇಹವಾಗಲು ಸುಮಾರು 50 ಗಂಟೆ, ಗೆಳೆಯ ಎನ್ನಿಸಿಕೊಳ್ಳಲು 90 ಗಂಟೆ, ಆಪ್ತನಾಗಲು 200 ಗಂಟೆಗಿಂತ ಹೆಚ್ಚು ಒಡನಾಟ ಬೇಕು. ಹೀಗೆಂದ ಕೂಡಲೇ ನೀವು ದಿನಕ್ಕೆ ಎಂಟು ಗಂಟೆ ಕೆಲಸ, ಮೂರು ವಾರ ಎಂದು ಗುಣಿಸತೊಡಗುತ್ತೀರಿ. ನಿಲ್ಲಿ. ಒಟ್ಟಿಗೆ ಕೆಲಸ ಮಾಡಿದ ಗಂಟೆಗಳು ಈ ಲೆಕ್ಕದಲ್ಲಿ ಅಷ್ಟಾಗಿ ತೂಗುವುದಿಲ್ಲ ಎಂಬುದೂ ಅದೇ ಅಧ್ಯಯನ ಕಂಡುಕೊಂಡ ಮಾತು. ಕೆಲಸ ಮುಗಿದ ಮೇಲೆ ಬಿಡುವಾಗಿ ಕಳೆದ ಹೊತ್ತು ಮುಖ್ಯ.

ನನಗಂತೂ ಇದು ಅಕ್ಷರಶಃ ಸರಿ ಎನ್ನಿಸಿತು. ಸ್ವಯಂಸೇವಕರು ಸಂಜೆಯಾದ ಕೂಡಲೇ ತಂಗುದಾಣಕ್ಕೆ ಹಿಂತಿರುಗಿ ತಮ್ಮ ಮೊಬೈಲ್ ಹಿಡಿಯುತ್ತಾರೆ. ಗೆಳೆತನ ಹುಟ್ಟುವುದು ಆ ಸಂಜೆಗಳಲ್ಲೇ. ಶ್ರಮದಾನ ಶಿಬಿರಗಳು ಸಾಮಾನ್ಯವಾಗಿ ಎರಡು ಮೂರು ವಾರಕ್ಕೆ ಮುಗಿಯುತ್ತವೆ. ಅಮೆರಿಕ 1961ರಲ್ಲಿ ಆರಂಭಿಸಿದ ಪೀಸ್ ಕೋರ್‌ನಲ್ಲಿ ತರಬೇತಿಯೂ ಸೇರಿ ಸುಮಾರು 27 ತಿಂಗಳು ಅಲ್ಲೇ ಬದುಕಬೇಕು. ಅಷ್ಟು ಕಾಲ ಎಲ್ಲರಿಗೂ ಎಲ್ಲಿಂದ ಬರಬೇಕು? ಸಾಧಾರಣ ಉದ್ಯೋಗಸ್ಥರಿಗೆ ಉಳಿದಿರುವ ದಾರಿ ಕಂತಿನಲ್ಲಿ ತೀರಿಸುವುದು: ಮೂರು ವಾರ, ಮತ್ತೆ ಮೂರು ವಾರ, ಮತ್ತೊಂದು ವರ್ಷ ಮತ್ತೆ ಮೂರು ವಾರ. ಮರುಪ್ರಯಾಣದ ಮಹತ್ವ ಇರುವುದು ಇಲ್ಲಿ. ಮೊದಲ ಸಲ ಬಂದವರು ಎಲ್ಲರೂ "ಮತ್ತೆ ಬರುತ್ತೇನೆ" ಎಂದೇ ಹೋಗುತ್ತಾರೆ. ಆ ಮಾತನ್ನು ಅಲ್ಲಿಯವರು ನೂರು ಸಲ ಕೇಳಿದ್ದಾರೆ, ನಕ್ಕು ಕೈಬೀಸಿದ್ದಾರೆ. ಎರಡನೇ ಸಲ ಗೇಟಿನ ಬಳಿ ಕಾಣಿಸಿಕೊಂಡವರ ಜತೆ ಅವರ ಮಾತಿನ ಧಾಟಿಯೇ ಬೇರೆಯಾಗುತ್ತದೆ.

ಸ್ವಯಂಸೇವಕರೆಲ್ಲ ತಮ್ಮತಮ್ಮೊಳಗೇ ಗೆಳೆಯರಾಗುತ್ತಾರಲ್ಲ, ಅದು ತಪ್ಪೇ?

ತಪ್ಪಲ್ಲ. ಒಂದೇ ಸೊಳ್ಳೆ ಕಚ್ಚಿಸಿಕೊಂಡವರು ಆಪ್ತರಾಗುವುದು ಸಹಜ. ಅಂಥ ಸ್ನೇಹಗಳು ಹತ್ತಾರು ವರ್ಷ ಬಾಳಿದ್ದನ್ನು ನೋಡಿದ್ದೇನೆ. ಅಲ್ಲಿಯವರ ಪರಿಚಯಕ್ಕೆ ಅದೇ ಗೋಡೆಯಾಗದಿದ್ದರೆ ಸಾಕು.

ಅಲ್ಲಿಯ ಭಾಷೆ ಬಾರದು. ಅದಿಲ್ಲದೆ ಸ್ನೇಹ ಸಾಧ್ಯವೇ?

ಪರಿಚಯ ಸಾಧ್ಯ. ಸ್ನೇಹಕ್ಕೆ ಒಂದಿಷ್ಟಾದರೂ ಭಾಷೆ ಬೇಕು. "ನಮಸ್ಕಾರ", "ಧನ್ಯವಾದ" ಕಲಿತು ನಿಲ್ಲಿಸುವವರೇ ಹೆಚ್ಚು. ಆ ಎರಡು ಪದಗಳಿಂದ ಬಾಗಿಲು ತೆರೆಯುತ್ತದೆ, ಒಳಗೆ ಹೋಗಲಾಗುವುದಿಲ್ಲ. ನಾನಾದರೆ ಮೊದಲು ಪ್ರಶ್ನೆ ಕೇಳುವುದನ್ನು ಕಲಿಯುತ್ತೇನೆ: ಇದು ಏನು, ಯಾಕೆ, ಆಮೇಲೆ ಏನಾಯಿತು. "ಆಮೇಲೆ ಏನಾಯಿತು" ಎನ್ನಲು ಬಂದವರಿಗೆ ಯಾರಾದರೂ ಕತೆ ಹೇಳುತ್ತಾರೆ. ಎರಡು ಪ್ರಯಾಣಗಳ ನಡುವಿನ ತಿಂಗಳುಗಳು ಭಾಷೆ ಕಲಿಯಲು ತಕ್ಕ ಸಮಯ. ಮರಳಿ ಬಂದವರ ನಾಲಿಗೆಯಲ್ಲಿ ನಾಲ್ಕು ವಾಕ್ಯ ಹೆಚ್ಚಾಗಿದ್ದರೆ ಅವರು ಇಲ್ಲದಿದ್ದಾಗಲೂ ಇಲ್ಲಿಯದನ್ನೇ ನೆನೆಯುತ್ತಿದ್ದರು ಎಂಬುದು ಹೇಳದೆಯೇ ತಿಳಿಯುತ್ತದೆ.

ನಾನು ಕೊಡುವ ಕಡೆಯವನು, ಅವರು ಪಡೆಯುವ ಕಡೆಯವರು. ಇಂಥ ಕಡೆ ಸಮಾನರ ಗೆಳೆತನ ಹೇಗೆ ಸಾಧ್ಯ?

ಎಲ್ಲ ಪ್ರಶ್ನೆಗಳಲ್ಲಿ ಕಷ್ಟದ್ದು ಇದೇ. ಕನ್ನಡದಲ್ಲಿ "ಹಂಗು" ಎಂಬ ಮಾತಿದೆ. ಹಂಗಿನಲ್ಲಿರುವವರು ನಿಮ್ಮನ್ನು ಹೊಗಳುತ್ತಾರೆ, ನಿಮ್ಮ ತಪ್ಪನ್ನು ನುಂಗಿಕೊಳ್ಳುತ್ತಾರೆ, ನೀವು ಹೇಳಿದ ಹಾಸ್ಯಕ್ಕೆಲ್ಲ ನಗುತ್ತಾರೆ. ಇದನ್ನೇ ಪ್ರೀತಿ ಎಂದು ತಿಳಿದು ಕಣ್ಣು ಒದ್ದೆ ಮಾಡಿಕೊಂಡು ವಿಮಾನ ಹತ್ತುವ ಸ್ವಯಂಸೇವಕರು ಬಹಳ. ನಾನೂ ಮೊದಲ ಸಲ ಹಾಗೆಯೇ ಹತ್ತಿದ್ದೆ.

ಆಗ ನನಗೆ ಒಪ್ಪಿಸಿದ್ದ ಕೆಲಸ ರೋಗಿಗಳ ದಾಖಲಾತಿ ಪುಸ್ತಕದ್ದು. ಹನ್ನೆರಡು ಕಾಲಂಗಳ ಹೊಸ ಪುಸ್ತಕವೊಂದನ್ನು ಗೆರೆ ಹಾಕಿ ಸಿದ್ಧಪಡಿಸಿ, ಎಲ್ಲರಿಗೂ ಕಲಿಸಿ, ಚಪ್ಪಾಳೆ ಗಿಟ್ಟಿಸಿ ಬಂದಿದ್ದೆ. ಎರಡನೇ ಸಲ ಹೋದಾಗ ನೋಡುತ್ತೇನೆ, ಕಾಲಂಗಳು ಏಳೇ ಇವೆ. ನನ್ನ ಐದು ಕಾಲಂ ಎಲ್ಲಿ ಎಂದು ಕೇಳಿದರೆ ಯಾರೂ ಬಾಯಿ ಬಿಡಲಿಲ್ಲ. ಆ ವಾರವೇ ನನಗೆ ಜ್ವರ ಬಂತು. ಕೇಂದ್ರವನ್ನು ನೋಡಿಕೊಳ್ಳುವ ಮಹಿಳೆ ಐದು ದಿನ ಹಗಲೂ ರಾತ್ರಿ ನನ್ನ ಆರೈಕೆ ಮಾಡಿದರು. ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ಬಟ್ಟೆ ಒಗೆದುಕೊಟ್ಟು, ಮಾತ್ರೆ ನುಂಗದೆ ಹಟ ಹಿಡಿದಾಗ ಗದರಿದರು. ಅವರ ಭಾಷೆಯಲ್ಲೂ ನಮ್ಮ ಹಾಗೆ ಏಕವಚನ ಬಹುವಚನದ ಭೇದವಿದೆ; ಅಂದು ಗದರಿದ್ದು ಏಕವಚನದಲ್ಲಿ. ಆರನೆಯ ದಿನ, ನಾನು ಎದ್ದು ಕುಳಿತಾಗ, ಸತ್ಯ ಹೊರಬಿತ್ತು: "ನಿನ್ನ ಹನ್ನೆರಡು ಕಾಲಂ ತುಂಬಿಸುವ ಹೊತ್ತಿಗೆ ಹೊರಗೆ ಇಪ್ಪತ್ತು ಜನ ಬಿಸಿಲಲ್ಲಿ ನಿಂತಿರುತ್ತಿದ್ದರು." ಅವರ ಏಳು ಕಾಲಂ ನನ್ನ ಹನ್ನೆರಡಕ್ಕಿಂತ ಚೆನ್ನಾಗಿದ್ದವು. ನಮ್ಮ ಸ್ನೇಹ ಅಂದಿನಿಂದ ಎಂದು ನಾನು ಎಣಿಸುತ್ತೇನೆ.

ಜ್ವರ ತರಿಸಿಕೊಳ್ಳಿ ಎಂದು ಹೇಳುತ್ತಿಲ್ಲ. ಅವರಿಂದ ಪಡೆಯಲು ಹಿಂಜರಿಯಬೇಡಿ ಎನ್ನುತ್ತಿದ್ದೇನೆ. ನಿಮಗೆ ಬಾರದ ಕೆಲಸವನ್ನು ಅವರಿಂದ ಕಲಿಯಿರಿ, ನಿಮ್ಮ ಮನೆಯ ಚಿಂತೆಯನ್ನು ಅವರ ಮುಂದೆ ಹೇಳಿಕೊಳ್ಳಿ, ಸಲಹೆ ಕೇಳಿ, ಬೈಸಿಕೊಳ್ಳಿ. ಕೊಡುವ ಕೈ ಯಾವಾಗಲೂ ಮೇಲೆಯೇ ಇದ್ದರೆ ಕೈಕುಲುಕುವುದು ಹೇಗೆ?

ಗೆಳೆಯರೇ ಹಣ ಕೇಳಿದರೆ ಏನು ಮಾಡಬೇಕು?

ಕೇಳುತ್ತಾರೆ, ಇಂದಲ್ಲ ನಾಳೆ. ನಿಮ್ಮ ವಿಮಾನದ ಟಿಕೆಟ್ಟಿನ ಬೆಲೆ ಎಷ್ಟು ತಿಂಗಳ ಸಂಬಳ ಎಂದು ಅವರಿಗೂ ಲೆಕ್ಕ ಹಾಕಲು ಬರುತ್ತದೆ. ಕೇಳಿದರೆಂಬ ಮಾತ್ರಕ್ಕೆ ಸ್ನೇಹ ಸುಳ್ಳಾಗುವುದಿಲ್ಲ. ಕಷ್ಟದಲ್ಲಿ ಇರುವವರು ಗೆಳೆಯರನ್ನಲ್ಲದೆ ಇನ್ನಾರನ್ನು ಕೇಳಬೇಕು? "ನನ್ನನ್ನು ಹಣದ ಚೀಲ ಎಂದುಕೊಂಡಿದ್ದಾರೆ" ಎಂದು ಸಿಡುಕುವ ಮೊದಲು ನೀವು ಯಾರ ಯಾರಲ್ಲಿ ಕೈಸಾಲ ಮಾಡಿದ್ದೀರಿ ಎಂದು ನೆನೆಸಿಕೊಳ್ಳಿ.

ಹಾಗೆಂದು ಕೇಳಿದ್ದನ್ನೆಲ್ಲ ಕೊಡಬೇಕೆಂದಿಲ್ಲ. "ಕೊಟ್ಟವನು ಕೋಡಂಗಿ, ಇಸಕೊಂಡವನು ವೀರಭದ್ರ" ಎಂಬ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಿಲ್ಲ. ನಾನು ಪಾಲಿಸುವುದು ಇಷ್ಟು. ಸಂಸ್ಥೆಯ ಕೆಲಸಕ್ಕೆ ಕೊಡುವ ಹಣ ಸಂಸ್ಥೆಯ ಖಾತೆಗೇ ಹೋಗಬೇಕು, ರಸೀದಿ ಬರಬೇಕು, ಅದು ಎಂದೂ ಒಬ್ಬರ ಕೈಗೆ ಹೋಗಬಾರದು. ಒಬ್ಬ ಗೆಳೆಯರಿಗೆ ಕೊಟ್ಟರೆ ಸಾಲವೆಂದು ಕೊಡುವುದಿಲ್ಲ. ಕೊಟ್ಟು ಮರೆಯಬಹುದಾದಷ್ಟನ್ನೇ ಕೊಡುತ್ತೇನೆ. ಸಾಲವೆಂದರೆ ಅವರು ತೀರಿಸಲಾಗದೆ ಫೋನ್ ಎತ್ತುವುದನ್ನೇ ಬಿಡುತ್ತಾರೆ, ಹಣದ ಜತೆ ಗೆಳೆಯರೂ ಹೋದಂತೆ. ಕೊಡಲಾಗದಿದ್ದರೆ ಆಗುವುದಿಲ್ಲ ಎಂದು ಅಂದೇ ಹೇಳುತ್ತೇನೆ, "ನೋಡೋಣ" ಎಂದು ತಿಂಗಳುಗಟ್ಟಲೆ ಕಾಯಿಸುವುದಿಲ್ಲ. ಇನ್ನೊಂದು ಕಟ್ಟುನಿಟ್ಟು: ಸಂಸ್ಥೆಯವರಿಗೆ ತಿಳಿಯದಂತೆ ಅಲ್ಲಿಯ ಸಿಬ್ಬಂದಿಯಲ್ಲಿ ಒಬ್ಬರಿಗೆ ಮಾತ್ರ ದೊಡ್ಡ ಉಡುಗೊರೆ ಕೊಡಬೇಡಿ. ನೀವು ಹೊರಟ ಮೇಲೆ ಅಲ್ಲಿ ಏಳುವ ಜಗಳ ನಿಮ್ಮ ಕಿವಿಗೆ ಬೀಳುವುದಿಲ್ಲ, ಅಷ್ಟೇ.

ಅನಾಥಾಲಯದ ಮಕ್ಕಳು ನನ್ನನ್ನು ತುಂಬಾ ಹಚ್ಚಿಕೊಂಡಿದ್ದರು. ಅವರಿಗಾಗಿ ಮತ್ತೆ ಹೋಗಬೇಕು ಎನ್ನಿಸುತ್ತದೆ.

ನಿಮ್ಮ ಭಾವನೆ ನಿಜ. ಆದರೂ ಹೋಗಬೇಡಿ ಎನ್ನುತ್ತೇನೆ. ಹೊಸಬರನ್ನು ಕಂಡ ಕೂಡಲೇ ಓಡಿಬಂದು ಅಪ್ಪಿಕೊಳ್ಳುವ ಮಗು, ಮೂರು ವಾರಕ್ಕೊಬ್ಬರು ಬಂದು ಹೋಗುವುದಕ್ಕೆ ಒಗ್ಗಿಕೊಂಡ ಮಗು. ಪ್ರತಿ ವಿದಾಯವೂ ಅದಕ್ಕೆ ಮತ್ತೊಂದು ಪೆಟ್ಟು. ಅದಕ್ಕಿಂತ ಕಹಿಯಾದ ಸಂಗತಿಯೆಂದರೆ, ಇಂಥ ಸಂಸ್ಥೆಗಳಲ್ಲಿರುವ ಮಕ್ಕಳಲ್ಲಿ ಹೆಚ್ಚಿನವರಿಗೆ ತಂದೆ ಅಥವಾ ತಾಯಿ ಬದುಕಿದ್ದಾರೆ. ದಾನಿಗಳೂ ಸ್ವಯಂಸೇವಕರೂ ಬರುತ್ತಾರೆಂದೇ ಬಡ ಮನೆಗಳಿಂದ ಮಕ್ಕಳನ್ನು ತಂದು ತುಂಬಿಸುವ ದಂಧೆ ಕೆಲವೆಡೆ ಬೆಳೆದಿದೆ. ಆಸ್ಟ್ರೇಲಿಯ 2018ರಲ್ಲಿ ಆಧುನಿಕ ಗುಲಾಮಗಿರಿಯ ವಿರುದ್ಧ ಕಾನೂನು ತಂದಾಗ ಈ ಬಗೆಯ ಸಾಗಾಟವನ್ನೂ ಗುಲಾಮಗಿರಿಯ ಒಂದು ರೂಪವೆಂದೇ ಗುರುತಿಸಿತು. 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಮಕ್ಕಳ ಹಕ್ಕುಗಳ ಕುರಿತ ನಿರ್ಣಯದಲ್ಲಿ ಅನಾಥಾಲಯಗಳ ಸ್ವಯಂಸೇವೆಯಿಂದಾಗುವ ಹಾನಿಯನ್ನು ಎತ್ತಿ ಹೇಳಿತು.

ಮಕ್ಕಳಿಗೆ ಒಳಿತು ಬಯಸುವುದಾದರೆ ಅವರು ತಮ್ಮ ಮನೆಯಲ್ಲೇ ಉಳಿಯುವಂತೆ ಕುಟುಂಬಗಳಿಗೆ ನೆರವಾಗುವ ಸಂಸ್ಥೆಯ ಜತೆ ಕೆಲಸ ಮಾಡಿ. ಅಲ್ಲಿ ಯಾವ ಮಗುವೂ ಓಡಿಬಂದು ನಿಮ್ಮನ್ನು ಅಪ್ಪಿಕೊಳ್ಳುವುದಿಲ್ಲ. ಅದು ಒಳ್ಳೆಯ ಲಕ್ಷಣ.

ಫೋಟೋ ಹಾಕಬಹುದೇ?

ಗೆಳೆಯರದಾದರೆ ಅವರನ್ನು ಕೇಳಿ ಹಾಕಿ. ರೋಗಿಗಳದು, ಮಕ್ಕಳದು ಬೇಡ. ಆಸ್ಪತ್ರೆಯ ಹಾಸಿಗೆಯಲ್ಲಿರುವ ನಿಮ್ಮ ಚಿತ್ರವನ್ನು ಅಪರಿಚಿತರು ಜಗತ್ತಿಗೆ ತೋರಿಸಿದರೆ ಹೇಗಿರುತ್ತದೆ ಎಂದು ಯೋಚಿಸಿದರೆ ಉಳಿದದ್ದು ತಾನಾಗಿ ತಿಳಿಯುತ್ತದೆ.

ಹಿಂತಿರುಗಿ ಬಂದ ಮೇಲೆ ನನ್ನ ಮನೆಯಲ್ಲೇ ನಾನು ಹೊರಗಿನವನಂತೆ ಇದ್ದೇನೆ. ಇದು ಸಹಜವೇ?

ಸಹಜ, ಮತ್ತು ಹಳೆಯದು. ನಾರ್ವೆಯ ಸಮಾಜಶಾಸ್ತ್ರಜ್ಞ ಸ್ವೆರೆ ಲಿಸ್ಗಾರ್ಡ್ 1955ರಲ್ಲಿ, ಅಮೆರಿಕಕ್ಕೆ ಹೋಗಿ ಬಂದ ತಮ್ಮ ದೇಶದ ವಿದ್ವಾಂಸರನ್ನು ಮಾತನಾಡಿಸಿ, ಪರದೇಶದಲ್ಲಿ ಮನಸ್ಸು ಮೊದಲು ಹಿಗ್ಗಿ, ನಡುವೆ ಕುಗ್ಗಿ, ಮತ್ತೆ ಚೇತರಿಸಿಕೊಳ್ಳುತ್ತದೆ ಎಂದರು. 1963ರಲ್ಲಿ ಅಮೆರಿಕದ ಸಂಶೋಧಕರಾದ ಗುಲ್ಲಾಹಾರ್ನ್ ದಂಪತಿ ಆ ಏರಿಳಿತದ ಗೆರೆಯನ್ನು ಮುಂದುವರಿಸಿದರು: ಊರಿಗೆ ಮರಳಿದ ಮೇಲೆ ಇದೇ ಏರಿಳಿತ ಇನ್ನೊಮ್ಮೆ ಆಗುತ್ತದೆ. ಎರಡನೆಯದು ಹೆಚ್ಚು ಕಾಡುತ್ತದೆ, ಏಕೆಂದರೆ ಪರದೇಶದಲ್ಲಿ ಕಷ್ಟ ಬರುತ್ತದೆಂದು ಸಿದ್ಧರಾಗಿ ಹೋಗಿರುತ್ತೀರಿ. ಸ್ವಂತ ಮನೆಗೆ ಯಾರು ಸಿದ್ಧರಾಗಿ ಬರುತ್ತಾರೆ?

ಮನೆಯವರು "ಹೇಗಿತ್ತು?" ಎಂದು ಕೇಳುತ್ತಾರೆ, ಎರಡು ನಿಮಿಷಕ್ಕೆ ಅವರ ಗಮನ ಬೇರೆಡೆ ಹೋಗುತ್ತದೆ. ಸಿಟ್ಟಾಗಬೇಡಿ, ನೀವಿಲ್ಲದಾಗ ಅವರಿಗೂ ಏನೇನೋ ಆಗಿದೆ, ನೀವೂ ಕೇಳಿಲ್ಲ. ಉದ್ದದ ಕತೆಯನ್ನು ಜತೆಗೆ ಬಂದಿದ್ದ ಸ್ವಯಂಸೇವಕ ಗೆಳೆಯರಿಗೆ ಹೇಳಿ. ಆ ಗೆಳೆತನದ ನಿಜವಾದ ಬೆಲೆ ತಿಳಿಯುವುದು ಈಗ. ಹಂಬಲ ಹಸಿಯಾಗಿರುವಾಗ ಮುಂದಿನ ಟಿಕೆಟ್ ಮಾತ್ರ ಕಾಯ್ದಿರಿಸಬೇಡಿ. ನನ್ನ ಮೂರನೇ ಪ್ರಯಾಣ ನಿಶ್ಚಯವಾದದ್ದು ಹಾಗೆಯೇ.

ದೂರದಲ್ಲಿದ್ದುಕೊಂಡು ಸಂಪರ್ಕ ಉಳಿಸಿಕೊಳ್ಳುವುದು ಹೇಗೆ?

ಕಡಿಮೆ ಮಾತು ಕೊಡಿ, ಕೊಟ್ಟದ್ದನ್ನು ಉಳಿಸಿಕೊಳ್ಳಿ. ವಾರಕ್ಕೊಮ್ಮೆ ಕರೆ ಮಾಡುತ್ತೇನೆ ಎಂದು ಹೇಳಿ ತಿಂಗಳಿಗೇ ಕೈಬಿಡುವುದಕ್ಕಿಂತ ವರ್ಷಕ್ಕೆ ನಾಲ್ಕು ಸಲ ತಪ್ಪದೆ ಬರೆಯುವುದು ಲೇಸು. ಹಬ್ಬದ ಶುಭಾಶಯದ ಚಿತ್ರಗಳನ್ನು ಎಲ್ಲರಿಗೂ ಒಟ್ಟಿಗೆ ಕಳುಹಿಸಿದರೆ ಅದು ಸಂಪರ್ಕವಲ್ಲ, ಸದ್ದು. ಬದಲಿಗೆ "ನಿಮ್ಮ ತಮ್ಮನ ಪರೀಕ್ಷೆ ಏನಾಯಿತು?" ಎಂಬ ಒಂದು ಸಾಲು ಸಾಕು. ಹೋದಾಗ ಕೇಳಿದ ಇಂಥ ಸಣ್ಣ ಸಂಗತಿಗಳನ್ನು ನಾನು ಒಂದು ಪುಸ್ತಕದಲ್ಲಿ ಬರೆದಿಡುತ್ತೇನೆ. ನೆನಪಿನ ಶಕ್ತಿ ಕಡಿಮೆಯೆಂದು ಒಪ್ಪಿಕೊಳ್ಳಲು ನಾಚಿಕೆಯೇನು?

ವಯಸ್ಸಾಗಿದೆ. ಈಗಲೂ ಹೋಗಬಹುದೇ?

ಕಾರ್ಯಕ್ರಮವನ್ನು ಅವಲಂಬಿಸಿದೆ. ಯುರೋಪಿಯನ್ ಒಕ್ಕೂಟ ನಡೆಸುವ ಯುರೋಪಿಯನ್ ಸಾಲಿಡಾರಿಟಿ ಕೋರ್‌ನ ಸಾಮಾನ್ಯ ಸ್ವಯಂಸೇವೆ 18ರಿಂದ 30ರ ವಯಸ್ಸಿನವರಿಗೆ. ಪೀಸ್ ಕೋರ್‌ಗೆ ಅಮೆರಿಕದ ಪ್ರಜೆಯಾಗಿರಬೇಕು, ಆದರೆ ವಯಸ್ಸಿನ ಮೇಲ್ಮಿತಿಯಿಲ್ಲ. ಮುಂದೆ ಅಮೆರಿಕದ ಅಧ್ಯಕ್ಷರಾದ ಜಿಮ್ಮಿ ಕಾರ್ಟರ್ ಅವರ ತಾಯಿ ಲಿಲಿಯನ್ ಕಾರ್ಟರ್ 1966ರಲ್ಲಿ, ತಮ್ಮ 68ನೇ ವಯಸ್ಸಿನಲ್ಲಿ, ಇದರ ಮೂಲಕವೇ ಮುಂಬೈನ ವಿಕ್ರೋಲಿಗೆ ಬಂದು ದಾದಿಯಾಗಿ ದುಡಿದರು. ಹಿರಿಯರಿಗೆ ತಾಳ್ಮೆಯೂ ಒಂದು ವೃತ್ತಿಯ ಅನುಭವವೂ ಇರುತ್ತದೆ. ಮೊಣಕಾಲು ಮಾತ್ರ ಕೈಕೊಡದಂತೆ ನೋಡಿಕೊಳ್ಳಬೇಕು. ಆರೋಗ್ಯ ವಿಮೆಯಲ್ಲಿ ರೋಗಿಯನ್ನು ತುರ್ತಾಗಿ ಬೇರೆಡೆ ಸಾಗಿಸುವ ವೆಚ್ಚ ಸೇರಿದೆಯೇ ಎಂದು ಓದಿ.

ಮರಳಿ ಹೋಗಲು ಆಗದಿದ್ದರೆ?

ಕುಳಿತಲ್ಲಿಂದಲೇ ಆಗುವ ಕೆಲಸ ಬೇಕಾದಷ್ಟಿದೆ. 1970ರಲ್ಲಿ ಸ್ಥಾಪನೆಯಾದ ವಿಶ್ವಸಂಸ್ಥೆಯ ಸ್ವಯಂಸೇವಕರ ಕಾರ್ಯಕ್ರಮ 2000ದಿಂದಲೇ ಆನ್‌ಲೈನ್ ಸ್ವಯಂಸೇವೆಗೆ ಅವಕಾಶ ಕೊಡುತ್ತಿದೆ: ಅನುವಾದ, ವಿನ್ಯಾಸ, ಲೆಕ್ಕಪತ್ರ. ನೀವು ಹಿಂದೆ ಕೆಲಸ ಮಾಡಿದ ಸಂಸ್ಥೆಗೂ ಇವೇ ಬೇಕಿರಬಹುದು. ಟಿಕೆಟ್ಟಿಗೆಂದು ಕೂಡಿಟ್ಟ ಹಣವನ್ನು ಅಲ್ಲಿಯ ಒಬ್ಬರ ಸಂಬಳಕ್ಕೆ ಕಳುಹಿಸಿದರೆ ಎಷ್ಟು ತಿಂಗಳು ಬರುತ್ತದೆ ಎಂದೂ ಒಮ್ಮೆ ಲೆಕ್ಕ ಹಾಕಿ. ನಾನು ಹಾಕಿದ್ದೇನೆ, ಉತ್ತರ ಮುಜುಗರ ತಂದಿತು.

ಸಾಕು ಎಂದು ನಿಲ್ಲಿಸುವುದು ಯಾವಾಗ?

ನೀವು ಮಾಡುತ್ತಿದ್ದುದನ್ನು ಅಲ್ಲಿಯವರೊಬ್ಬರು ಮಾಡತೊಡಗಿದಾಗ. ನಾಲ್ಕನೇ ಸಲ ನಾನು ಹೋದದ್ದು ದಾಖಲಾತಿಯ ಕೆಲಸವನ್ನು ಕೇಂದ್ರದ ಯುವಕನೊಬ್ಬನಿಗೆ ಪೂರ್ತಿ ಒಪ್ಪಿಸಲು. ಈಗ ಅವನು ಅದನ್ನು ಕಂಪ್ಯೂಟರಿಗೂ ಏರಿಸಿದ್ದಾನಂತೆ, ಕಾಲಂಗಳು ಒಂಬತ್ತಾಗಿವೆಯಂತೆ. ಮೊನ್ನೆ ಎಂದಿನಂತೆ "ಈ ವರ್ಷ ಯಾವ ಕೆಲಸ ನಿಂತುಹೋಗಿದೆ?" ಎಂದು ಬರೆದು ಕೇಳಿದೆ. ಅಂದು ಜ್ವರದಲ್ಲಿ ಗದರಿದವರಿಂದ ಒಂದೇ ಸಾಲಿನ ಉತ್ತರ ಬಂತು: "ಕೆಲಸ ಏನೂ ಇಲ್ಲ, ಸುಮ್ಮನೆ ಬಾ." ಕೆಲಸವಿಲ್ಲದೆ ಹೋಗಬಾರದು ಎಂದು ಇಷ್ಟು ಹೊತ್ತು ಉಪದೇಶ ಮಾಡಿದ್ದು ನಾನೇ. ಆದರೆ ಈ ಸಲ ಕೇಂದ್ರದಲ್ಲಿ ಉಳಿಯುತ್ತಿಲ್ಲ, ಅವರ ಮನೆಯಲ್ಲಿ. ತಿಂಗಳನ್ನೂ ಅವರೇ ಆರಿಸಿದ್ದಾರೆ. ವೀಸಾ ಅರ್ಜಿ ತುಂಬಿಸಿಯಾಯಿತು. ಪ್ರಯಾಣದ ಉದ್ದೇಶ ಎಂಬಲ್ಲಿ "ಸ್ನೇಹಿತರ ಭೇಟಿ" ಎಂದು ಬರೆದಿದ್ದೇನೆ.